ದಿನದ ವೈನಿಗೆ ದೊಡ್ಡ ಹೆಸರು ಬೇಕಿಲ್ಲ

ಹೊರನಾಡಿನಲ್ಲಿರುವ ನಾವು ಕನ್ನಡಿಗರು ವೈನ್ ಕೊಳ್ಳುವುದು ಹೆಚ್ಚಾಗಿ ಯಾರಿಗಾದರೂ ಕೊಡಲಿಕ್ಕೆ, ಇಲ್ಲವೇ ನೆಂಟರು ಬಂದಾಗ ಮೇಜಿನ ಮೇಲಿಡಲಿಕ್ಕೆ. ಹಾಗಾಗಿ ಕೈ ನೇರ ಹೋಗುವುದು ಕೇಳಿ ಗೊತ್ತಿರುವ ಹೆಸರಿಗೆ: ಬೋರ್ಡೊ, ಬರ್ಗಂಡಿ, ಶಾಂಪೇನ್. ಇವೆಲ್ಲ ಫ್ರಾನ್ಸಿನ ಸೀಮೆಗಳ ಹೆಸರು. ಊಟದ ಜೊತೆ ವೈನ್ ಕುಡಿದು ರೂಢಿಯಿರುವವರು ಹೆಸರಾದ ಸೀಮೆಯ ನೆರೆಯಲ್ಲಿ ಹುಡುಕುತ್ತಾರೆ. ದಿನಬಳಕೆಗೆ ಅವರ ದಾರಿಯೇ ಸರಿ ಎಂದು ನನಗೆ ಖಚಿತವಾಗಿ ಅನಿಸುತ್ತದೆ.

ದುಬಾರಿ ಬಾಟಲಿಯ ಬೆಲೆಯಲ್ಲಿ ತೋಟದ ಜಮೀನಿನ ದರ, ಹೊಸ ಓಕ್ ಮರದ ಪೀಪಾಯಿ, ವರ್ಷಗಟ್ಟಲೆ ನೆಲಮಾಳಿಗೆಯಲ್ಲಿಟ್ಟ ಖರ್ಚು ಎಲ್ಲವೂ ಸೇರಿರುತ್ತದೆ. ಬೋರ್ಡೊದ 225 ಲೀಟರಿನ ಒಂದು ಪೀಪಾಯಿಗೆ ಸಿಗುವುದು 300 ಬಾಟಲಿ ಮಾತ್ರ. ಅಗ್ಗದ ವೈನಿನಲ್ಲಿ ವೆನಿಲಾ ವಾಸನೆ ಜೋರಾಗಿದ್ದರೆ ಅದು ಬಹುಪಾಲು ಓಕ್ ಚಕ್ಕೆ ನೆನೆಸಿ ಬರಿಸಿದ್ದು. ಕಡಿಮೆ ದುಡ್ಡಿಗೆ ಓಕ್ ಸೋಕದ, ಹಣ್ಣಿನ ರುಚಿ ಮುಂದಿರುವ ಎಳೆಯ ವೈನೇ ವಾಸಿ.

ಗುಳ್ಳೆಯೇಳುವ ಶಾಂಪೇನ್ ಬದಲು ಫ್ರಾನ್ಸಿನ ಬೇರೆ ಸೀಮೆಗಳ ಕ್ರೆಮಾಂ ಅಥವಾ ಸ್ಪೇನಿನ ಕಾವಾ ತೆಗೆದುಕೊಳ್ಳಿ. ಮೂರರಲ್ಲೂ ಗುಳ್ಳೆ ಬರಿಸುವ ಎರಡನೇ ಹುದುಗು ನಡೆಯುವುದು ಬಾಟಲಿಯೊಳಗೇ. ಯೀಸ್ಟಿನ ಗಸಿಯ ಮೇಲೆ ಶಾಂಪೇನ್ ಕನಿಷ್ಠ 12 ತಿಂಗಳು ಇದ್ದರೆ ಉಳಿದೆರಡು ಕನಿಷ್ಠ 9 ತಿಂಗಳು. ಕೆಂಪಿನಲ್ಲಿ ಫ್ರಾನ್ಸಿನ ಶಾತೋನಫ್ ದ್ಯು ಪಾಪ್ ಬದಲು ಅದರ ನೆರೆಯ ಕೋತ್ ದ್ಯು ರೋನ್, ಅದಕ್ಕೂ ಅಗ್ಗಕ್ಕೆ ಸ್ಪೇನಿನ ಕಲತಾಯುದ್ ಗಾರ್ನಾಚಾ. ಮೂರರಲ್ಲೂ ಮುಖ್ಯ ದ್ರಾಕ್ಷಿ ಒಂದೇ, ಗಾರ್ನಾಚಾ (ಫ್ರೆಂಚರ ಗ್ರೆನಾಶ್). ಬಿಳಿಯಲ್ಲಿ ಫ್ರಾನ್ಸಿನ ಸಾನ್ಸೆರ್ ಬದಲು ಅದೇ ದ್ರಾಕ್ಷಿಯ ತೂರೆನ್ ಸೋವಿನ್ಯೋ. ಫ್ರಾನ್ಸಿನದೇ ಮಸ್ಕಡೆ, ದಕ್ಷಿಣ ಆಫ್ರಿಕಾದ ಶೆನಿನ್ ಬ್ಲಾಂಕ್ ಕೂಡ ಕೈಬಿಡುವುದು ಅಪರೂಪ.

ಲೇಬಲ್ಲಿನಲ್ಲಿ ಮೊದಲು ನೋಡಬೇಕಾದ್ದು ಇಸವಿ, ಅಂದರೆ ದ್ರಾಕ್ಷಿ ಕೊಯ್ದ ವರ್ಷ. ಅಗ್ಗದ ಬಿಳಿ ಮತ್ತು ರೋಜೆ (ನಸುಗೆಂಪು ವೈನ್) ಎರಡು ವರ್ಷ ದಾಟಿದರೆ ಕಳೆಗುಂದುತ್ತವೆ. ‘ರಿಸರ್ವಾ’ ಎಂಬುದಕ್ಕೆ ಸ್ಪೇನಿನಲ್ಲಿ ಕಾನೂನಿನ ಕಟ್ಟು ಇದೆ: ಅಲ್ಲಿನ ರಿಯೋಹಾ ಸೀಮೆಯ ಕೆಂಪನ್ನು 3 ವರ್ಷ ಮಾಗಿಸಬೇಕು, ಅದರಲ್ಲಿ ಕನಿಷ್ಠ 1 ವರ್ಷ ಓಕ್‌ನಲ್ಲಿ. ‘ರಿಸರ್ವ್’ ಎಂದು ಬರೆಯಲು ಹಲವು ದೇಶಗಳಲ್ಲಿ ಯಾವ ನಿಯಮವೂ ಇಲ್ಲ. ತಿರುಪು ಮುಚ್ಚಳವನ್ನು ಕೀಳಾಗಿ ನೋಡಬೇಡಿ. ಬಿರಡೆಯಿಂದ ಬರುವ ಒದ್ದೆ ರಟ್ಟಿನ ವಾಸನೆಯ ಕಾಟ ಅದಕ್ಕಿಲ್ಲ.

ಒಳ್ಳೆಯ ಬಾಟಲಿ ಮನೆಯಲ್ಲಿ ಕೆಡುವುದೂ ಉಂಟು. ಸೆಕೆಯ ಕೋಣೆಯಲ್ಲಿಟ್ಟ ಕೆಂಪು ವೈನಿನಲ್ಲಿ ಆಲ್ಕೋಹಾಲ್ ಮೂಗಿಗೆ ಹೊಡೆಯುತ್ತದೆ. ಫ್ರಿಜ್ಜಿನಲ್ಲಿಟ್ಟು 16 ಡಿಗ್ರಿಯ ಆಸುಪಾಸಿಗೆ ತನ್ನಿ. ಹಾಗೆಂದು ತೀರಾ ತಣ್ಣಗಾದರೆ ಒಗರು ಎದ್ದು ಕಾಣುತ್ತದೆ. ಬಿಳಿಯದ್ದು ಫ್ರಿಜ್ಜಿನಿಂದ ನೇರ ಲೋಟಕ್ಕೆ ಬಂದರೆ ಪರಿಮಳವೇ ಇರುವುದಿಲ್ಲ; ಕಾಲು ಗಂಟೆ ಹೊರಗಿರಲಿ.

750 ಮಿಲಿ ಬಾಟಲಿಯೆಂದರೆ 150 ಮಿಲಿಯ ಐದು ಲೋಟ. ಒಂದೇ ದಿನ ಮುಗಿಯದಿದ್ದರೆ ಗಾಳಿ ತಾಗಿ ರುಚಿ ಇಳಿಯುತ್ತದೆ. ತೆರೆದ ತಕ್ಷಣ, ಲೋಟಕ್ಕೆ ಬಗ್ಗಿಸುವ ಮುಂಚೆಯೇ, ತೊಳೆದು ಒಣಗಿಸಿದ 375 ಮಿಲಿಯ ಸಣ್ಣ ಬಾಟಲಿಗೆ ಕತ್ತಿನವರೆಗೆ ತುಂಬಿ ಬಿಗಿಯಾಗಿ ಮುಚ್ಚಿ. ಒಳಗೆ ಗಾಳಿಗೆ ಜಾಗ ಉಳಿಯಬಾರದು. ಕೆಂಪಾದರೂ ಫ್ರಿಜ್ಜಿನಲ್ಲೇ ಇಡಿ, ಮೂರು ನಾಲ್ಕು ದಿನ ಧಾರಾಳವಾಗಿ ತಡೆಯುತ್ತದೆ.

ಹೊಸ ವೈನನ್ನು ಮೊದಲು ಒಂದೇ ಒಂದು ಬಾಟಲಿ ತಂದು ಎರಡು ಸಂಜೆ ಊಟದ ಜೊತೆ ಕುಡಿದು ನೋಡಿ. ಎರಡನೇ ಲೋಟವೂ ಬೇಕೆನಿಸಿದರೆ ಅದೇ ಇಸವಿಯದ್ದನ್ನು ಆರು ತನ್ನಿ. ಇಸವಿ ಬದಲಾದರೆ ಮತ್ತೆ ಒಂದರಿಂದ ಶುರು ಮಾಡಿ.