ಎಣ್ಣೆ ಕಾರಿಗೆ, ಅಭ್ಯಂಜನ ನಮಗೆ

ಎಣ್ಣೆ ಬರುವ ಹೊತ್ತಿಗೆ ಕಣ್ಣು ಮುಚ್ಚಿಕೊಂಡರಂತೆ ಎಂದು ಆಡಿಕೊಳ್ಳುವವರು ಒಮ್ಮೆ ಕಾರಿನ ಕೆಳಗೆ ಅಂಗಾತ ಮಲಗಿ ನೋಡಬೇಕು. ಇಂಜಿನ್ನಿನ ಹಳೆ ಎಣ್ಣೆ ಇಳಿಸುವ ಡ್ರೇನ್ ಬೋಲ್ಟಿನ ಕೊನೆಯ ಸುತ್ತು ಬಿಚ್ಚಿ ಎಣ್ಣೆ ಬರುವ ಹೊತ್ತಿಗೆ ಕಣ್ಣು ಮುಚ್ಚಿಕೊಳ್ಳುವುದೇ ಜಾಣತನ. ಬಾಯಿಯನ್ನೂ ಮುಚ್ಚಿಕೊಂಡರೆ ಇನ್ನೂ ಒಳ್ಳೆಯದು. "ಅಯ್ಯೋ, ಬಂತು ಬಂತು" ಎಂದು ಬಾಯಿ ತೆರೆದವರಿಗೆ ರುಚಿಯೂ ಗೊತ್ತಾಗುತ್ತದೆ.

ಇಂಜಿನ್ ಆಯಿಲ್ ಬದಲಿಸುವುದು ಬ್ರಹ್ಮವಿದ್ಯೆಯಲ್ಲ. ಹಳೆಯದನ್ನು ಇಳಿಸಬೇಕು, ಫಿಲ್ಟರ್ ಬದಲಿಸಬೇಕು, ಹೊಸದನ್ನು ಸುರಿಯಬೇಕು. ಬಿಸಿಬೇಳೆಬಾತಿಗೆ ಇದಕ್ಕಿಂತ ಹೆಚ್ಚು ಹಂತಗಳಿವೆ. ಆದರೂ ಕೆಡುತ್ತದೆ, ಮತ್ತು ಮುಕ್ಕಾಲು ಪಾಲು ಕೆಡುವುದು ಕಡಿಮೆ ಮಾಡಿದ್ದಕ್ಕಲ್ಲ, ಹೆಚ್ಚು ಮಾಡಿದ್ದಕ್ಕೆ. ನಮ್ಮದು ಬಡಿಸುವ ಕೈ ನೋಡಿ. ಎಲೆಯ ಮುಂದೆ ಕೂತವನು ಸಾಕೆಂದರೂ ಇನ್ನೊಂದು ಸೌಟು ಹಾಕದಿದ್ದರೆ ಸಮಾಧಾನವಿಲ್ಲ. ಅದೇ ಕೈ ಬೋಲ್ಟಿಗೂ ಇನ್ನೊಂದು ಸುತ್ತು, ಇಂಜಿನ್ನಿಗೂ ಇನ್ನೊಂದು ಕಾಲು ಲೀಟರು ಹಾಕಿಬಿಡುತ್ತದೆ.

ಮಾರುತಿ ಸ್ವಿಫ್ಟಿನ 1.2 ಲೀಟರ್ ಕೆ-ಸೀರೀಸ್ ಪೆಟ್ರೋಲ್ ಇಂಜಿನ್ನನ್ನೇ ತೆಗೆದುಕೊಳ್ಳಿ. ಫಿಲ್ಟರ್ ಸಮೇತ ಬದಲಿಸಿದರೆ ಹಿಡಿಯುವುದು ಸುಮಾರು 3.1 ಲೀಟರ್. ಮೂರು ಲೀಟರಿನ ಡಬ್ಬ ತಂದವರು ಉಳಿದ 100 ಎಂ.ಎಲ್.ಗಾಗಿ ಮತ್ತೆ ಅಂಗಡಿಗೆ ಹೋಗಬೇಕು, ಅದೂ ಬಿಚ್ಚಿಟ್ಟ ಕಾರನ್ನು ಬಿಟ್ಟು ಆಟೋ ಹಿಡಿದು. 3.5 ಲೀಟರಿನ ಡಬ್ಬ ಸಿಗುತ್ತದೆ, ಅದನ್ನೇ ತನ್ನಿ. ಜೊತೆಗೆ ಫಿಲ್ಟರ್, ಮತ್ತು ಡ್ರೇನ್ ಬೋಲ್ಟಿನ ವಾಷರ್. ಈ ವಾಷರ್ ಬಾಯಿ ಬಿಟ್ಟು ಕೇಳದ ಹೊರತು ಯಾರೂ ಕೊಡುವುದಿಲ್ಲ. ಬಿಗಿಯುವಾಗ ಚಪ್ಪಟೆಯಾಗಿ ಸಂದು ಮುಚ್ಚುವುದೇ ಅದರ ಕೆಲಸ. ಒಮ್ಮೆ ಚಪ್ಪಟೆಯಾದದ್ದು ಎರಡನೇ ಸಲಕ್ಕೆ ಅಷ್ಟು ನಂಬಿಕಸ್ತನಲ್ಲ.

ಅಂಗಡಿಯಲ್ಲಿ ಒಂದು ಉಚಿತ ಸಲಹೆಯೂ ಸಿಗುತ್ತದೆ. "0ಡಬ್ಲ್ಯೂ-20 ನೀರಿನ ಥರ ಇರುತ್ತೆ ಸಾರ್, ನಮ್ಮ ಬಿಸಿಲಿಗೆ 20ಡಬ್ಲ್ಯೂ-50 ಹಾಕಿ, ಗಟ್ಟಿ." ಈ ಡಬ್ಲ್ಯೂ ಎಂದರೆ ವಿಂಟರ್, ಚಳಿಗಾಲ. ಅದಕ್ಕಿಂತ ಮೊದಲು ಬರುವ ಸೊನ್ನೆ, ಮೈನಸ್ 35 ಡಿಗ್ರಿ ಸೆಲ್ಸಿಯಸ್‌ನಲ್ಲೂ ಇಂಜಿನ್ ತಿರುಗುವಷ್ಟು ಎಣ್ಣೆ ತೆಳುವಾಗಿರುತ್ತದೆ ಎನ್ನುವ ಭರವಸೆ. ಬಳ್ಳಾರಿಯಲ್ಲಿ ಈ ಭರವಸೆಯಿಂದ ಏನೂ ಆಗಬೇಕಾದ್ದಿಲ್ಲ, ನಿಜ. ಆದರೆ ಕೊನೆಗೆ ಬರುವ 20, ಅಂದರೆ ಬಿಸಿ ಎಣ್ಣೆಯ ಮಂದತನ, ಅಳೆಯುವುದು 100 ಡಿಗ್ರಿಯಲ್ಲಿ. ಹೊರಗೆ ಬಳ್ಳಾರಿ ಬಿಸಿಲಿರಲಿ, ಮಡಿಕೇರಿ ಮಳೆಯಿರಲಿ, ಓಡುವ ಇಂಜಿನ್ನಿನ ಒಳಗಿನ ಹವಾಮಾನ ಹೆಚ್ಚುಕಡಿಮೆ ಒಂದೇ. ತೆಳು ಎಣ್ಣೆಗೆಂದು ಮಾಡಿದ ಸಣ್ಣ ಸಂದುಗಳಿಗೆ ಗಟ್ಟಿ ಎಣ್ಣೆ ಬೆಳಗಿನ ಸ್ಟಾರ್ಟಿನಲ್ಲಿ ತಡವಾಗಿ ತಲುಪುತ್ತದೆ. ಕಾರಿನ ಕೈಪಿಡಿಯಲ್ಲಿ ಬರೆದ ನಂಬರೇ ಸರಿ. ಕೈಪಿಡಿ ಡ್ಯಾಶ್‌ಬೋರ್ಡಿನ ಡಬ್ಬದಲ್ಲಿದೆ, ಇನ್ಶೂರೆನ್ಸ್ ಪೇಪರಿನ ಕೆಳಗೆ, ಯಾರೂ ಮುಟ್ಟದ ಸ್ಥಿತಿಯಲ್ಲಿ.

ಹಳೆ ಎಣ್ಣೆ ಹಿಡಿಯಲು ಮನೆಯಲ್ಲಿ ಸಿಗುವ ಅತ್ಯುತ್ತಮ ಪಾತ್ರೆ ಐದು ಲೀಟರಿನ ಸೂರ್ಯಕಾಂತಿ ಎಣ್ಣೆಯ ಖಾಲಿ ಕ್ಯಾನು. ಅಡ್ಡ ಮಲಗಿಸಿ, ಮೇಲೆ ಬಂದ ಅಗಲ ಬದಿಯನ್ನು ಕತ್ತರಿಸಿದರೆ ಟ್ರೇ ಸಿದ್ಧ. ಕ್ಯಾನಿನ ಮುಚ್ಚಳ ಬಿಗಿಯಾಗಿದೆಯೇ ಎಂದು ನೋಡಿಕೊಳ್ಳಿ. ಮೇಲಿನಿಂದ ಮೂರು ಲೀಟರ್ ಬೀಳುತ್ತಿರುವಾಗ ಮುಚ್ಚಳದ ಬದಿಯಿಂದ ಮೂರು ಲೀಟರ್ ಹೊರಗೆ ಹರಿಯುತ್ತಿದ್ದರೆ, ಬೆಳಿಗ್ಗೆ ಬಿಡಿಸಿದ ರಂಗೋಲಿಯವರೆಗೂ ಹೋಗುತ್ತದೆ. ಆಮೇಲಿನ ಮಾತುಕತೆ ಆಟೋಮೊಬೈಲ್ ವಿಷಯವಾಗಿ ಉಳಿಯುವುದಿಲ್ಲ.

ಜಾಕಿಯ ಬಗ್ಗೆ ಮಾತ್ರ ತಮಾಷೆ ಬೇಡ. ಡಿಕ್ಕಿಯಲ್ಲಿರುವ ಜಾಕಿ ಟೈರ್ ಬದಲಿಸುವುದಕ್ಕೆ, ಅದನ್ನು ನಂಬಿ ಕೆಳಗೆ ತೂರುವುದಕ್ಕಲ್ಲ. ಸಮತಟ್ಟಾದ ನೆಲ, ಹ್ಯಾಂಡ್‌ಬ್ರೇಕ್, ಹಿಂದಿನ ಚಕ್ರಗಳಿಗೆ ಅಡ್ಡ, ಕೈಪಿಡಿ ತೋರಿಸಿದ ಜಾಗದಲ್ಲಿ ಎತ್ತಿದ ಕಾರಿನ ಭಾರ ಹೊರುವ ಜಾಕ್ ಸ್ಟ್ಯಾಂಡು. ಇಲ್ಲವೇ ಚಕ್ರ ಹತ್ತಿಸುವ ರ‍್ಯಾಂಪು. ಸ್ಟ್ಯಾಂಡಿನ ಬದಲು ಇಡುವ ಹಾಲೋ ಬ್ಲಾಕು ಒಡೆಯುವ ಮುಂಚೆ ಹೇಳಿ ಒಡೆಯುವುದಿಲ್ಲ. ಸ್ಟ್ಯಾಂಡ್ ಇಲ್ಲದಿದ್ದರೆ ಇವತ್ತು ಕಾರು ತೊಳೆದು ಒಳಗೆ ಹೋಗಿ ಕಾಫಿ ಕುಡಿಯಿರಿ.

ಇಂಜಿನ್ ಮೂರ್ನಾಲ್ಕು ನಿಮಿಷ ಓಡಿಸಿ ನಿಲ್ಲಿಸಿ. ಉಗುರುಬೆಚ್ಚಗಾದ ಎಣ್ಣೆ ಸಲೀಸಾಗಿ ಇಳಿಯುತ್ತದೆ. ಮೈಸೂರಿನಿಂದ ಬಂದು ನಿಂತ ತಕ್ಷಣ ಬಿಚ್ಚಿದರೆ ಅದು ಬೋಂಡಾ ಕರಿಯುವ ಎಣ್ಣೆಗೆ ಹತ್ತಿರದ ನೆಂಟ. ಮೇಲಿನ ಫಿಲ್ಲರ್ ಕ್ಯಾಪ್, ಅಂದರೆ ಎಣ್ಣೆ ಸುರಿಯುವ ಬಾಯಿಯ ಮುಚ್ಚಳ, ತೆಗೆದಿಡಿ, ಗಾಳಿ ಒಳಹೋದರೆ ಧಾರೆ ಗೊಳಗೊಳ ಎನ್ನದೆ ಬೀಳುತ್ತದೆ.

ಈಗ ಕೆಳಗೆ ನೋಡಿದರೆ ಬೋಲ್ಟು ಒಂದಲ್ಲ, ಎರಡು ಕಾಣಬಹುದು. ಇಂಜಿನ್ನಿನ ಪಕ್ಕಕ್ಕೇ ಅಂಟಿಕೊಂಡಿರುವ ಗೇರ್‌ಬಾಕ್ಸಿಗೂ ತನ್ನದೇ ಡ್ರೇನ್ ಬೋಲ್ಟ್ ಇದೆ. ಬಿಚ್ಚಿದಾಗ ಕಪ್ಪು ಎಣ್ಣೆಯ ಬದಲು ಜೇನಿನ ಬಣ್ಣದ್ದು, ಮಂದವಾಗಿ, ಕೊಳೆತ ಬೆಳ್ಳುಳ್ಳಿಯಂಥ ಗಂಧಕದ ನಾತದೊಂದಿಗೆ ಇಳಿದರೆ, "ಪರವಾಗಿಲ್ಲ, ನಮ್ಮ ಎಣ್ಣೆ ಇನ್ನೂ ಚೆನ್ನಾಗಿದೆ" ಎಂದು ಬೀಗಬೇಡಿ. ಅದು ಗೇರ್ ಆಯಿಲ್. ಗೊತ್ತಾಗದೆ ಮುಂದುವರಿದರೆ ಮೇಲಿನಿಂದ ಸುರಿದ ಮೂರು ಲೀಟರು ಹಳೆಯ ಮೂರು ಲೀಟರಿನ ಮೇಲೆ ಕೂರುತ್ತದೆ, ಗೇರ್‌ಬಾಕ್ಸು ಏಕಾದಶಿ ಆಚರಿಸುತ್ತದೆ. ಇಂಜಿನ್ ಆಯಿಲಿನ ಬೋಲ್ಟ್ ಇರುವುದು ಇಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲುವ ಆಯಿಲ್ ಪ್ಯಾನಿನಲ್ಲಿ. ಅನುಮಾನವಿದ್ದರೆ ಎಣ್ಣೆಯ ಮಟ್ಟ ನೋಡುವ ಕಡ್ಡಿಯ, ಅಂದರೆ ಡಿಪ್‌ಸ್ಟಿಕ್ಕಿನ, ಕೊಳವೆ ಎತ್ತ ಇಳಿಯುತ್ತದೆ ಎಂದು ಹಿಂಬಾಲಿಸಿ.

ಇನ್ನು ದಿಕ್ಕು. ಮಲಗಿದ ಮಿದುಳಿಗೆ ಎಡಬಲ ತಿಳಿಯುವುದಿಲ್ಲ. ಬಿಚ್ಚುತ್ತಿದ್ದೇನೆಂದು ಉಸಿರು ಕಟ್ಟಿ ಬಿಗಿದವರಿಗೆ ಲೆಕ್ಕವಿಲ್ಲ. ಬೋಲ್ಟಿನ ತಲೆ ನಿಮ್ಮ ಮುಖಕ್ಕೆ ಹಿಡಿದ ನೀರಿನ ಬಾಟಲಿಯ ಮುಚ್ಚಳ ಎಂದುಕೊಳ್ಳಿ. ಅದನ್ನು ತೆರೆಯುವ ಕಡೆಗೇ ಇದನ್ನೂ ತಿರುಗಿಸಿ. ತೆರೆದ ಬಾಯಿಯ ಪಾನಾ ಬೇಡ, ಅಳತೆಗೆ ಸರಿಯಾದ ಸಾಕೆಟ್ಟೋ ರಿಂಗ್ ಪಾನಾವೋ ಬೇಕು. ತಲೆಯ ಆರು ಮೂಲೆ ಸವೆದು ಗುಂಡಗಾದ ಬೋಲ್ಟನ್ನು ಬಿಚ್ಚುವುದು ಬೇರೆಯೇ ಪುರಾಣ. ಸಡಿಲವಾದ ಮೇಲೆ ಕೈಯಿಂದ, ಒಳಕ್ಕೆ ಒತ್ತಿ ಹಿಡಿದೇ ತಿರುಗಿಸಿ, ಕೊನೆಯ ಎಳೆ ಬಿಟ್ಟದ್ದು ಬೆರಳಿಗೆ ತಿಳಿದ ಕೂಡಲೇ ಸರಕ್ಕನೆ ಪಕ್ಕಕ್ಕೆ ಎಳೆಯಿರಿ. ಹಾಗೆಯೇ ಕೆಳಮುಖ ಬಿಟ್ಟರೆ ಎಣ್ಣೆ ಬೆರಳಿಂದ ಮಣಿಕಟ್ಟು, ಮಣಿಕಟ್ಟಿಂದ ಮೊಣಕೈ, ಅಲ್ಲಿಂದ ಕಂಕುಳು, ಹೀಗೆ ದೀಪಾವಳಿಯ ಅಭ್ಯಂಜನದ ಕ್ರಮದಲ್ಲೇ ಸಾಗುತ್ತದೆ. ಬೋಲ್ಟು ಟ್ರೇಗೆ ಬೀಳುವುದು ಸಂಪ್ರದಾಯ. ಬಿದ್ದರೆ ಎಣ್ಣೆ ಆರಿದ ಮೇಲೆ ಹುಡುಕಿ.

ಟ್ರೇ ಎಲ್ಲಿಡಬೇಕು? ಬೋಲ್ಟು ಪಕ್ಕಕ್ಕೆ ಮುಖ ಮಾಡಿದ್ದರೆ ಎಣ್ಣೆ ಮೊದಲು ಬಿಲ್ಲಿನಂತೆ ಬಾಗಿ ಒಂದು ಗೇಣು ದೂರ ಬೀಳುತ್ತದೆ. ಒತ್ತಡ ಇಳಿದಂತೆ ಧಾರೆ ಹಿಂದಕ್ಕೆ ಬಂದು ನೇರ ಕೆಳಗೆ ಸುರಿಯುತ್ತದೆ. ಟ್ರೇಯನ್ನೂ ಜೊತೆಗೆ ಸರಿಸುತ್ತಿರಬೇಕು. ಹನಿ ನಿಲ್ಲಲು ಹತ್ತು ಹದಿನೈದು ನಿಮಿಷ.

ಬೋಲ್ಟು ಒರೆಸಿ, ಹೊಸ ವಾಷರ್ ಹಾಕಿ, ಬೆರಳಿನಿಂದಲೇ ಕೊನೆತನಕ ತಿರುಗಿಸಿ. ಬೆರಳಿಗೆ ಬಗ್ಗದಿದ್ದರೆ ಓರೆ ಹತ್ತಿದೆ ಎಂದರ್ಥ, ಪಾನಾ ಹಾಕಿ ಬುದ್ಧಿ ಕಲಿಸಲು ಹೋಗಬೇಡಿ. ಈ ಸ್ವಿಫ್ಟಿಗೆ ಕೊನೆಯ ಬಿಗಿತ 35 ನ್ಯೂಟನ್ ಮೀಟರ್. ಇದನ್ನು ಅಡುಗೆಮನೆಯ ಭಾಷೆಯಲ್ಲಿ ಹೇಳುವುದಾದರೆ, ಕಾಲು ಮೀಟರ್ ಉದ್ದದ ಪಾನಾದ ತುದಿಗೆ 14 ಕೆಜಿ ತೂಗುಬಿಟ್ಟಷ್ಟು, ಅಂದರೆ ಮನೆಯ ಸಿಲಿಂಡರಿನೊಳಗೆ ತುಂಬಿರುವ ಗ್ಯಾಸಿನಷ್ಟು ಭಾರ. ಸಿಲಿಂಡರಿನದ್ದಲ್ಲ, ಬರೀ ಗ್ಯಾಸಿನದ್ದು. 60 ಕೆಜಿಯ ಮನುಷ್ಯ "ಸೋರಬಾರದು ನೋಡಿ" ಎಂದು ಪಾನಾದ ಮೇಲೆ ಕಾಲಿಟ್ಟು ನಿಂತರೆ ನಾಲ್ಕು ಪಟ್ಟು ದಾಟುತ್ತದೆ. ಅಲ್ಯೂಮಿನಿಯಂ ಪ್ಯಾನಾದರೆ ಥ್ರೆಡ್ಡು ಹೊಳೆಯುವ ಸಿಂಬೆಯಾಗಿ ಹೊರಬರುತ್ತದೆ. ಸೋರಬಾರದೆಂದು ನಿಂತ ಕಾಲಿನಿಂದಲೇ ಸೋರಲು ಶುರು.

ಫಿಲ್ಟರ್ ಬಿಚ್ಚಲು ಸುತ್ತಿ ಎಳೆಯುವ ಪಟ್ಟಿಯ ಪಾನಾ (ಸ್ಟ್ರಾಪ್) ಇದ್ದರೆ ಸರಿ, ಇಲ್ಲದಿದ್ದರೆ ಉಜ್ಜುಕಾಗದವನ್ನು ಒರಟು ಮುಖ ಒಳಗಾಗಿ ಸುತ್ತಿ ಹಿಡಿದರೆ ಕೈ ಜಾರುವುದಿಲ್ಲ. ಸ್ಕ್ರೂಡ್ರೈವರ್ ಚುಚ್ಚಿ ತಿರುಗಿಸುವುದು ಹಳೆಯ ವಿದ್ಯೆ. ತಗಡು ಹರಿದು ಫಿಲ್ಟರ್ ಅಲ್ಲೇ ಉಳಿಯುವುದು ಅದರ ಹಳೆಯ ಫಲ. ಫಿಲ್ಟರಿನಲ್ಲೂ ಎಣ್ಣೆಯಿರುತ್ತದೆ, ಬಾಯಿ ಮೇಲಾಗಿಯೇ ಇಳಿಸಿ. ಸೈಲೆನ್ಸರ್ ಪೈಪಿನ ಮೇಲೆ ಹನಿದದ್ದನ್ನು ಒರೆಸದಿದ್ದರೆ ಮೊದಲ ಸಿಗ್ನಲ್ಲಿನಲ್ಲೇ ಬಾನೆಟ್ಟಿನಿಂದ ಹೊಗೆ, ಪಕ್ಕದ ಬೈಕಿನವರಿಂದ ಸನ್ನೆ.

ಇಲ್ಲಿ ಒಂದು ನಿಮಿಷ ನಿಲ್ಲಿ. ಕೈಗೆ ಬಂದ ಹಳೆ ಫಿಲ್ಟರಿನ ಬಾಯಿಗೆ ರಬ್ಬರ್ ರಿಂಗು ಇದೆಯೇ? ಇಲ್ಲದಿದ್ದರೆ ಅದು ಇಂಜಿನ್ನಿಗೇ ಅಂಟಿಕೊಂಡಿದೆ. ಕಪ್ಪು ಲೋಹದ ಮೇಲೆ ಕಪ್ಪು ರಬ್ಬರು, ಕಣ್ಣಿಗೆ ಬೀಳದು, ಬೆರಳಾಡಿಸಿ ನೋಡಬೇಕು. ಅದರ ಮೇಲೆಯೇ ಹೊಸ ಫಿಲ್ಟರ್ ಕೂರಿಸಿದರೆ ರಬ್ಬರಿನ ಮೇಲೆ ರಬ್ಬರು ಜಾರಿ, ಇಂಜಿನ್ ಶುರುವಾಗಿ ಒತ್ತಡ ಏರುತ್ತಲೇ ಹೊಸ ಎಣ್ಣೆಯಷ್ಟೂ ನೆಲದ ಪಾಲು. ಬೇರೆ ಎಡವಟ್ಟುಗಳಿಗೆ ಕ್ಷಮೆ ಉಂಟು, ಇದು ಕಣ್ಣೆದುರಿಗೇ ಇಂಜಿನ್ ಒಣಗಿಸುತ್ತದೆ.

ಹೊಸ ರಿಂಗಿಗೆ ಹೊಸ ಎಣ್ಣೆ ಸವರಿ, ಕೈಯಿಂದ ತಿರುಗಿಸಿ, ರಿಂಗು ತಾಗಿದ ಮೇಲೆ ಮುಕ್ಕಾಲು ಸುತ್ತು. ಫಿಲ್ಟರಿನ ಮೈಮೇಲೆ ಬೇರೆ ಬರೆದಿದ್ದರೆ ಅಷ್ಟು.

ಸುರಿಯುವಾಗ ಬಡಿಸುವ ಕೈಯನ್ನು ಕಟ್ಟಿಹಾಕಿ. ಮೊದಲು 2.8 ಲೀಟರ್, ಫಿಲ್ಲರ್ ಕ್ಯಾಪ್ ಹಾಕಿ, ಸ್ಟಾರ್ಟ್. ಕೆಂಪು ಎಣ್ಣೆದೀಪ ಕೆಲವೇ ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ಒಡನೆ ಆಫ್ ಮಾಡಿ. ಒಂದೆರಡು ನಿಮಿಷ ಓಡಿಸಿ, ಕೆಳಗೆ ಹನಿ ನೋಡಿ, ನಿಲ್ಲಿಸಿ, ಕಾರನ್ನು ಇಳಿಸಿ, ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಎಳೆಯಿರಿ. ಒರೆಸಿ ಮತ್ತೆ ಹಾಕಿ ಎಳೆದದ್ದೇ ಲೆಕ್ಕ. ಫಿಲ್ಟರ್ ತನ್ನ ಪಾಲು ಕುಡಿದಿರುವುದರಿಂದ ಮಟ್ಟ ಇಳಿದಿರುತ್ತದೆ. ಆಮೇಲೆ ಚಮಚದ ಲೆಕ್ಕದಲ್ಲಿ ಮೇಲಿನ ಗುರುತಿನವರೆಗೆ. ಅದನ್ನು ದಾಟಿ ತುಂಬಿದರೆ ಇಂಜಿನ್ನಿನೊಳಗೆ ತಿರುಗುವ ದಂಡ, ಕ್ರ್ಯಾಂಕ್ ಶಾಫ್ಟು, ಎಣ್ಣೆಯನ್ನು ಮೊಸರು ಕಡೆದ ಹಾಗೆ ಕಡೆಯುತ್ತದೆ. ಬರುವುದು ಬೆಣ್ಣೆಯಲ್ಲ, ನೊರೆ. ಪಂಪು ಎಣ್ಣೆಯ ಬದಲು ಗುಳ್ಳೆ ಎಳೆಯುತ್ತದೆ, ಗುಳ್ಳೆ ಬೇರಿಂಗನ್ನು ಕಾಯುವುದಿಲ್ಲ.

ಕೈಗೆ ಪೆಟ್ರೋಲ್ ಸುರಿದುಕೊಳ್ಳಬೇಡಿ. ಮೊದಲು ಕೊಬ್ಬರಿ ಎಣ್ಣೆ, ಮೇಲೆ ಸೀಗೆಪುಡಿ, ಉಗುರಿನ ಸಂದು ಬಿಟ್ಟು ಉಳಿದದ್ದೆಲ್ಲ ಹೋಗುತ್ತದೆ. ನೆಲಕ್ಕೆ ಮರದ ಹೊಟ್ಟು. ಹಳೆ ಎಣ್ಣೆಯನ್ನು ಊರಿನವರು ಗೆದ್ದಲಿಗೆಂದು ಕೇಳುತ್ತಾರೆ, ಸೆಂಟ್ರಿಂಗ್ ಹಲಗೆಗೆ ಬಳಿಯಲು ಮೇಸ್ತ್ರಿಯೂ ಕೇಳುತ್ತಾನೆ, ಕೊಡಬೇಡಿ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಬಳಸಿದ ಎಣ್ಣೆಯೂ ಇದೆ, ಚರಂಡಿಗಂತೂ ಸುರಿಯಲೇಬಾರದು. ಮುಚ್ಚಳವಿರುವ ಡಬ್ಬಕ್ಕೆ ತುಂಬಿ, ಬೇರೇನೂ ಬೆರೆಸದೆ, ಅಧಿಕೃತ ಮರುಬಳಕೆದಾರರಿಗೆ ಕೊಡುವ ಗ್ಯಾರೇಜಿಗೆ ಒಪ್ಪಿಸಿ. ಮಿಕ್ಕ ಹೊಸ ಎಣ್ಣೆಯನ್ನು ಬೇರೆ ತೆಗೆದಿಟ್ಟರೆ ಅದು ಬಂದ ಡಬ್ಬವೇ ಇದಕ್ಕೆ ಸಾಕು. ಇನ್ನೊಂದು ಸೂರ್ಯಕಾಂತಿ ಕ್ಯಾನಿಗೆ ತುಂಬಿ ಅಡುಗೆಮನೆಯ ಹಿಂದೆ ಇಟ್ಟು ಮರೆತರೆ, ಯುಗಾದಿ ಹೋಳಿಗೆಯ ಹೊತ್ತಿಗೆ ಯಾರಾದರೂ ಜ್ಞಾಪಿಸುತ್ತಾರೆ.

ರಾತ್ರಿ ಇಂಜಿನ್ನಿನ ಕೆಳಗೆ ಒಂದು ರಟ್ಟು ಹಾಸಿ ಮಲಗಿ. ಬೆಳಿಗ್ಗೆ ಒಣಗಿದ್ದರೆ ಗೆದ್ದಿರಿ. ಒದ್ದೆಯಾಗಿದ್ದರೆ ಬೆರಳಿಗೆ ಹಚ್ಚಿ ನೋಡಿ. ಬರೀ ನೀರಾದರೆ ಏಸಿಯದು, ಚಿಂತೆಯಿಲ್ಲ. ಜಿಡ್ಡಾದರೆ ಬೋಲ್ಟು, ಫಿಲ್ಟರ್ ಎರಡನ್ನೂ ಮತ್ತೆ ನೋಡಬೇಕು. ರಟ್ಟೇ ಇಲ್ಲದಿದ್ದರೆ ಹಳೆ ಪೇಪರಿನವನು ಬೇಗ ಬಂದಿದ್ದಾನೆ.