ಒಂದು ಕಣ್ಣಿಗೆ ಸುಣ್ಣ

ಸ್ಪೇನಿನ ಫ್ರಿಹಿಲಿಯಾನಾ ಎಂಬ ಊರಿಗೆ ಕಪ್ಪು ಸ್ವೆಟರ್ ಹಾಕಿಕೊಂಡು ಹೋಗಬೇಡಿ ಎಂದು ಯಾವ ಪ್ರವಾಸಿ ಪುಸ್ತಕವೂ ಹೇಳುವುದಿಲ್ಲ. ಏರು ಬೀದಿ ಹತ್ತಿ ಏದುಸಿರು ಬಂತು, ಸಿಕ್ಕ ಗೋಡೆಗೆ ಒಂದು ಗಳಿಗೆ ಬೆನ್ನು ಕೊಟ್ಟು ನಿಂತೆ, ಅಷ್ಟೇ. ಮೇಲೆ ಕಾಯುತ್ತಿದ್ದ ಮಗಳು ನನ್ನ ಭುಜ ಹಿಡಿದು ತಿರುಗಿಸಿ, "ಅಮ್ಮಾ, ಅವರ ಮನೆ ಗೋಡೆ ನಿನ್ ಬೆನ್ನಿಗೆ ಬಂದಿದೆ" ಎಂದು ನಕ್ಕಳು. ಕೊಡವಿದಷ್ಟೂ ಹರಡಿತು. ಒದ್ದೆ ಕರ್ಚೀಫಿನಲ್ಲಿ ಒರೆಸುವ ಐಡಿಯಾ ಇವರದು. ಅದಾದ ಮೇಲೆ ನನ್ನ ಬೆನ್ನು ಚಪಾತಿ ಹಿಟ್ಟು ಕಲಸಿದ ಪರಾತದಂತಾಯಿತು.

ಸ್ಪೇನಿನ ಬಿಳಿ ಊರುಗಳ ಫೋಟೋ ನೀವು ನೋಡಿಯೇ ಇರುತ್ತೀರಿ. ಬಿಳಿ ಗೋಡೆ, ನೀಲಿ ಆಕಾಶ, ಕಿಟಕಿಗೊಂದು ಕೆಂಪು ಹೂವಿನ ಕುಂಡ, ಕುಂಡದ ಪಕ್ಕ ಒಂದು ಬೆಕ್ಕು. ಬ್ಯಾಂಕಿನವರು ಕೊಡುವ ಕ್ಯಾಲೆಂಡರಿನಲ್ಲಿ ಮೇ ತಿಂಗಳಿಗೆ ಇಂಥದೇ ಒಂದು ಚಿತ್ರ ಇರುತ್ತದೆ. ಆ ಬಿಳಿ ಮುಟ್ಟಿದರೆ ಅಂಟುತ್ತದೆ ಎಂಬುದು ಮಾತ್ರ ಕ್ಯಾಲೆಂಡರಿನಿಂದ ತಿಳಿಯುವುದಿಲ್ಲ.

ನಾನು ಬೆನ್ನು ಕೊಟ್ಟ ಗೋಡೆಯ ಎದುರುಗಡೆಯೇ ಒಬ್ಬ ಅಜ್ಜಿ ಉದ್ದದ ಕೋಲಿನ ತುದಿಗೆ ಕುಂಚ ಕಟ್ಟಿಕೊಂಡು ಮಾಡಿನ ಅಂಚಿನವರೆಗೂ ಸುಣ್ಣ ಹೊಡೆಯುತ್ತಿದ್ದಳು. ಸ್ಪೇನಿನ ದಕ್ಷಿಣದ ಈ ಆಂದಲೂಸಿಯಾ ಸೀಮೆಯಲ್ಲಿ ಇದು ಹಿಂದಿನಿಂದಲೂ ಹೆಂಗಸರ ಕೆಲಸ. ಚಳಿಗಾಲದ ಮಳೆ ಕಳೆದ ಮೇಲೆ ಒಂದು ಸುತ್ತು, ಊರಹಬ್ಬಕ್ಕೆ ಮೊದಲು ಇನ್ನೊಂದು ಸುತ್ತು. ಪದರದ ಮೇಲೆ ಪದರ ಬಿದ್ದೂ ಬಿದ್ದೂ ಹಳೆಯ ಮನೆಗಳ ಮೂಲೆಗಳೆಲ್ಲ ದುಂಡಗಾಗಿವೆ. ಅಜ್ಜಿ ನನ್ನ ಬೆನ್ನು ನೋಡಿ ಏನೋ ಅಂದಳು. ಮಗಳಿಗೆ ನಗು ತಡೆಯಲಾಗಲಿಲ್ಲ. ಏನಂದಳು ಎಂದು ಈವರೆಗೂ ಅವಳು ಬಾಯಿ ಬಿಟ್ಟಿಲ್ಲ.

ಅದೇ ಬೀದಿಗಳಲ್ಲಿ ಅಲ್ಲಲ್ಲಿ ಗೋಡೆಗೆ ಪಿಂಗಾಣಿ ಫಲಕ ಹಚ್ಚಿದ್ದಾರೆ. ಬಲವಂತದಿಂದ ಕ್ರೈಸ್ತರಾದ ಮುಸ್ಲಿಮರ ಸಂತತಿ, ಮೊರಿಸ್ಕೋ ಜನ, 1568ರಲ್ಲಿ ದಂಗೆ ಎದ್ದು, 1569ರಲ್ಲಿ ಈ ಊರಿನ ನೆತ್ತಿಯ ಮೇಲಿನ ಬಂಡೆಗುಡ್ಡದಲ್ಲಿ ಸೋತು ಸತ್ತ ಕತೆ ಅದು. ಅದನ್ನು ಓದುತ್ತ ನಿಂತರೆ ಹಿಂದಿನಿಂದ "ಎಕ್ಸ್‌ಕ್ಯೂಸ್ ಮೀ" ಬರುತ್ತದೆ. ಫಲಕದ ನೀಲಿ ಅಂಚು ತನ್ನ ಉಡುಪಿಗೆ ಹೊಂದುತ್ತದಂತೆ, ಸ್ವಲ್ಪ ಸರಿಯಬೇಕಂತೆ. ಸರಿದೆ. ಒಂದು ಫೋಟೋ ಅಲ್ಲ, ಟೋಪಿ ಹಾಕಿ, ಟೋಪಿ ತೆಗೆದು, ಟೋಪಿ ಗಾಳಿಗೆ ಹಾರಿಸಿ ತೆಗೆದದ್ದನ್ನೆಲ್ಲ ಕಾದೆ. ಊರು ಇರುವುದೇ ತಮ್ಮ ಹಿಂದೆ ನಿಲ್ಲುವುದಕ್ಕೆ ಎಂದು ತಿಳಿದ ಜನರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ವಯಸ್ಸಾಯಿತು, ಅದಕ್ಕೇ ಸಿಡುಕು ಅನ್ನುತ್ತಾರೆ ಇವರು. ಇಪ್ಪತ್ತನೆಯ ವಯಸ್ಸಿನಲ್ಲೂ ಉರಿಯುತ್ತಿತ್ತು, ಆಗ ಹೇಳುವ ಧೈರ್ಯ ಇರಲಿಲ್ಲ.

ಈ ಬಿಳಿ ಬಣ್ಣ ನಿಜಕ್ಕೂ ಯಾರದು ಎಂಬುದರ ಬಗ್ಗೆ ನನಗೊಂದು ಯೋಚನೆ ಹೊಳೆದಿತ್ತು. ಅದನ್ನು ಹೇಳಲೆಂದೇ ಬರೆಯಲು ಕೂತೆ. ಅದಕ್ಕೆ ಮೊದಲು ಹುಥ್ಕರ್ ಎಂಬ ಊರಿನ ಕತೆ ಹೇಳಿಬಿಡುತ್ತೇನೆ.

ರೋಂದಾ ಪಟ್ಟಣದಿಂದ ದಕ್ಷಿಣಕ್ಕೆ ಹೆನಾಲ್ ಎಂಬ ಕಣಿವೆ. ರಸ್ತೆ ಎಷ್ಟು ತಿರುವು ಎಂದರೆ ಆಗುಂಬೆ ಘಾಟಿ ಇಳಿದು ಪಳಗಿದ ನನ್ನ ಹೊಟ್ಟೆಯೂ ಕೈಕೊಟ್ಟಿತು. ಎರಡೂ ಕಡೆ ಚೆಸ್ಟ್‌ನಟ್ ಕಾಡು, ಮಳೆ ಬಂದರೆ ಕಾಡಿನ ತುಂಬ ಅಣಬೆ. ಅಳಿಯಂದಿರು ಪಾಪ, "ಇನ್ನೊಂದೇ ತಿರುವು ಅತ್ತೆ" ಎನ್ನುತ್ತಲೇ ಓಡಿಸಿದರು. ಕಣಿವೆಯ ಊರುಗಳೆಲ್ಲ ಬಿಳಿ ಬಿಳಿ. ನಡುವೆ ಒಂದೇ ಒಂದು ಊರು ಅಡಿಯಿಂದ ಮುಡಿವರೆಗೆ ನೀಲಿ. ಮನೆ ನೀಲಿ, ಪಂಚಾಯಿತಿ ಕಚೇರಿ ನೀಲಿ, ಚರ್ಚು ನೀಲಿ. 250 ಜನ ಇದ್ದರೆ ಹೆಚ್ಚು.

2011ರವರೆಗೆ ಇದೂ ಬಿಳಿ ಊರೇ. ಆ ವರ್ಷ ಸೋನಿ ಕಂಪನಿಯವರು ಸ್ಮರ್ಫ್ ಎಂಬ ನೀಲಿ ಕುಳ್ಳರ ಸಿನಿಮಾದ ಪ್ರಚಾರಕ್ಕೆ ಒಂದು ಇಡೀ ಊರನ್ನು ಬಳಿಯಬೇಕೆಂದು ಹೊರಟು ಇದನ್ನು ಆರಿಸಿಕೊಂಡರು. ಆ ಕುಳ್ಳರು ಅಣಬೆಯಲ್ಲಿ ಸಂಸಾರ ಮಾಡುವವರು, ಇಲ್ಲಿ ಅಣಬೆಗೆ ಬರವಿಲ್ಲ, ಜಾತಕ ಕೂಡಿತು ಅನ್ನಿ. ಕೆಲಸವಿಲ್ಲದೆ ಕೂತಿದ್ದ ಊರಿನವರಿಗೇ ಕೂಲಿ ಕೊಟ್ಟು ಬಳಿಸಿದರು. ಸಿನಿಮಾದ ಗದ್ದಲ ಮುಗಿದ ಮೇಲೆ ಮತ್ತೆ ಬಿಳಿ ಬಳಿದು ಕೊಡುವುದೆಂದು ಮಾತಾಗಿತ್ತು. ಅಷ್ಟರಲ್ಲಿ ಹಿಂದೆಂದೂ ಈ ದಿಕ್ಕಿಗೆ ತಲೆ ಹಾಕದಿದ್ದ ಜನ ಮಕ್ಕಳುಮರಿ ಕಟ್ಟಿಕೊಂಡು ಕಾರಿನಲ್ಲಿ ಬರತೊಡಗಿದರು. ಡಿಸೆಂಬರಿನಲ್ಲಿ ಊರವರು ಮತ ಹಾಕಿದರು. ನೀಲಿಯೇ ಇರಲಿ ಎಂದವರು 141, ಬಿಳಿ ವಾಪಸ್ ಬರಲಿ ಎಂದವರು 33.

ನನಗೆ ಕುತೂಹಲ ಇರುವುದು ಆ 33 ಜನರ ಮೇಲೆ. ಯಾರಿರಬಹುದು? ಒಂದಿಬ್ಬರು ಕೋಲು ಕುಂಚದ ಅಜ್ಜಿಯರು ಖಂಡಿತ ಇದ್ದಾರು. ಅಥವಾ, ಇನ್ನಾದರೂ ವರ್ಷ ವರ್ಷ ಸುಣ್ಣ ಹೊಡೆಯುವುದು ತಪ್ಪಿತಲ್ಲ ಎಂದು ಅಜ್ಜಿಯರೇ ಎಲ್ಲರಿಗಿಂತ ಮೊದಲು ಹೋಗಿ ನೀಲಿಗೆ ಒತ್ತಿ ಬಂದರೋ ಏನೋ. ನಾನಾಗಿದ್ದರೆ ಹಾಗೇ ಮಾಡುತ್ತಿದ್ದೆ. ಅಲ್ಲಿನ ಗೋಡೆಗೂ ಬೆನ್ನು ಕೊಟ್ಟು ಪರೀಕ್ಷಿಸಿದೆ. ಒಂದು ಚೂರೂ ಅಂಟಲಿಲ್ಲ.

ಹೊರಗಿನವರು ಬಂದು ಏನಾದರೊಂದು ಮಾಡಿ ಹೋಗುವುದು ಈ ಊರಿಗೆ ಹೊಸದೂ ಅಲ್ಲ. 18ನೇ ಶತಮಾನದಲ್ಲಿ, ಐದನೇ ಫಿಲಿಪ್ ದೊರೆಯ ಕಾಲದಲ್ಲಿ, ಇಲ್ಲೇ ಕೆಳಗೆ ಹೊಳೆಯ ಬದಿ ತಗಡಿನ ಕಾರ್ಖಾನೆ ಇತ್ತು, ಕಬ್ಬಿಣಕ್ಕೆ ತವರದ ಲೇಪ ಹಾಕುವುದು. ಸ್ಪೇನಿಗೆ ಆ ವಿದ್ಯೆ ಗೊತ್ತಿರಲಿಲ್ಲ. ಬಲ್ಲ ಕುಶಲಿಗಳು ಜರ್ಮನಿ ಕಡೆಯವರು, ಅವರು ಗುಟ್ಟು ಹೊತ್ತು ದೇಶ ಬಿಡುವಂತಿಲ್ಲ. ಅದಕ್ಕೆ ಅವರನ್ನು ಪೀಪಾಯಿಯೊಳಗೆ ಕೂರಿಸಿ ಕದ್ದು ತಂದರು ಎಂದು ಕತೆ. ನಿಜವೋ ಸುಳ್ಳೋ, ನನಗೆ ಬಹಳ ಹಿಡಿಸಿತು. ಪೀಪಾಯಿಯಲ್ಲಿ ಉರುಳುರುಳಿ ಬಂದು, ಮುಚ್ಚಳ ತೆಗೆದಾಗ ಈ ಬೆಟ್ಟ, ಈ ಬಿಸಿಲು, ಈ ತಿರುವು ರಸ್ತೆ ಕಂಡ ಮನುಷ್ಯನ ಮುಖ ಹೇಗಿದ್ದೀತು? ನನ್ನದು ಕಾರಿನಿಂದ ಇಳಿದಾಗ ಹೇಗಿತ್ತೋ ಹಾಗೇ ಇದ್ದೀತು. ಕುಲುಮೆಗೆ ಸುತ್ತಲ ಕಾಡು ಕಡಿದರು, ಸರಕು ಸಾಗಿಸಲು ದಾರಿ ಇಲ್ಲದೆ ಒದ್ದಾಡಿದರು, ಕಡೆಗೆ ಮುಚ್ಚಿದರು. ಈಗ ಆ ಜಾಗದಲ್ಲಿ ದ್ರಾಕ್ಷಿ ಬೆಳೆದು ವೈನ್ ಮಾಡುತ್ತಾರೆ.

ನೀಲಿಯ ಕತೆಗೂ ಹೀಗೇ ಒಂದು ಕೊಕ್ಕೆ ಬಿತ್ತು. ಸ್ಮರ್ಫುಗಳನ್ನು ಹುಟ್ಟಿಸಿದವನು ಪೆಯೊ ಎಂಬ ಬೆಲ್ಜಿಯಂ ದೇಶದ ಚಿತ್ರಕಾರ. ಅವನ ವಾರಸುದಾರರು, ನಮ್ಮ ಕುಳ್ಳರ ಹೆಸರಲ್ಲಿ ಸಂಪಾದಿಸುತ್ತೀರಿ, ಪಾಲು ಕೊಡಿ ಎಂದರು. ಮಾತು ಮುರಿಯಿತು. 2017ರ ಆಗಸ್ಟಿನಿಂದ ಊರು ಸ್ಮರ್ಫ್ ಹೆಸರು ಹಾಕಿಕೊಳ್ಳುವಂತಿಲ್ಲ. ಬಣ್ಣಕ್ಕೆ ಯಾರ ಹಕ್ಕೂ ಇಲ್ಲವಲ್ಲ, ಹಾಗಾಗಿ ನೀಲಿ ಉಳಿಯಿತು. ಈಗ ಅದು ಕಾರಣ ಕೇಳಬಾರದ ನೀಲಿ ಊರು.

ಇದರಲ್ಲಿ ಒಂದು ತಮಾಷೆ ನೋಡಿ. ಅದೇ 2011ರ ನವೆಂಬರಿನಲ್ಲಿ, ಹುಥ್ಕರ್ ಜನ ಮತಕ್ಕೆ ಸಜ್ಜಾಗುತ್ತಿದ್ದಾಗ, ಸೆವಿಲ್ಲೆ ಪ್ರಾಂತ್ಯದ ಮೊರೋನ್ ದೆ ಲಾ ಫ್ರೊಂತೇರಾ ಎಂಬ ಊರಿನ ಸುಣ್ಣಕ್ಕೆ ಯುನೆಸ್ಕೋ ಮನ್ನಣೆ ಕೊಟ್ಟಿತು. ಸೌದೆ ಒಲೆಯ ಗೂಡಿನಲ್ಲಿ ಸುಣ್ಣದ ಕಲ್ಲು ಸುಟ್ಟು ಸುಣ್ಣ ಮಾಡುವ ಹಳೆಯ ಕಸುಬನ್ನು ಅಲ್ಲಿನವರು ಮತ್ತೆ ಎತ್ತಿ ನಿಲ್ಲಿಸಿದ್ದಕ್ಕೆ. ಅಗ್ಗದ ಡಬ್ಬಿ ಬಣ್ಣ ಬಂದ ಮೇಲೆ ಗೂಡುಗಳೆಲ್ಲ ತಣ್ಣಗಾಗಿದ್ದವು. ಸುಣ್ಣ ಗೋಡೆಯನ್ನು ಉಸಿರಾಡಲು ಬಿಡುತ್ತದೆ, ತಂಪಾಗಿಡುತ್ತದೆ, ರೋಗದ ಕಾಲದಲ್ಲಿ ಮನೆ ಶುದ್ಧಿಗೂ ಅದೇ ಬೇಕಿತ್ತು ಎಂದೆಲ್ಲ ಅಳಿಯಂದಿರು ಹೇಳುತ್ತಿದ್ದರು. ಎಲ್ಲ ಸರಿ. ಅಂಟುತ್ತದೆ ಎಂಬುದನ್ನು ಅವರೂ ಹೇಳಲಿಲ್ಲ.

ರಾತ್ರಿ ಮಗಳ ಮನೆಯಲ್ಲಿ ದೋಸೆ. ಫ್ರಿಹಿಲಿಯಾನಾದಿಂದ ಒಂದು ಬಾಟಲಿ ಕಬ್ಬಿನ ಪಾಕ ತಂದಿದ್ದೆವು. ಅಲ್ಲಿ 16ನೇ ಶತಮಾನದ ದೊಡ್ಡ ಬಂಗಲೆಯೊಂದರಲ್ಲಿ ಇನ್ನೂ ಅದನ್ನು ಕಾಸುತ್ತಾರೆ, ಯುರೋಪಿನಲ್ಲಿ ಉಳಿದಿರುವುದು ತಮ್ಮದೊಂದೇ ಎಂಬ ಹೆಮ್ಮೆ ಬೇರೆ. ಆ ಕರಾವಳಿಯಲ್ಲಿ ಕಡೆಯ ಕಬ್ಬು ಕಡಿದದ್ದು 2006ರಲ್ಲಿ. ಬದನೆಕಾಯಿ ಬಿಲ್ಲೆ ಕರಿದು ಅದರ ಮೇಲೆ ಈ ಪಾಕ ಸುರಿದು ಕೊಡುತ್ತಾರೆ. ಕೇಳಿದರೆ ವಿಚಿತ್ರ, ತಿಂದರೆ ತಟ್ಟೆ ಖಾಲಿ.

ಊಟದ ನಡುವೆ ಮನೆಯಲ್ಲೇ ಮತದಾನ ಇಟ್ಟೆವು. ಮಗಳು ಬಿಳಿ ಎಂದಳು. ಅಳಿಯಂದಿರು ಹೆಂಡತಿಯ ಮುಖ ನೋಡಿ ಬಿಳಿ ಎಂದರು. ನಾನು ಕೈ ಎತ್ತಿ ನೀಲಿ ಎಂದೆ, ಕಾರಣವನ್ನೂ ವಿಸ್ತಾರವಾಗಿ ಹೇಳಲು ಬಾಯಿ ತೆರೆದೆ. ಇವರು ಮಾತ್ರ ತಲೆಯನ್ನೇ ಎತ್ತಲಿಲ್ಲ. ಬಾಟಲಿ ಬೋರಲು ಹಾಕಿ, ಅಡಿಯಲ್ಲಿ ಉಳಿದದ್ದನ್ನು ತಟ್ಟಿ ತಟ್ಟಿ ಐದನೆಯ ದೋಸೆಗೆ ಇಳಿಸಿಕೊಳ್ಳುತ್ತ, "ಏನೇ ಹೇಳು, ನಮ್ ಸಾಗರದ ಕಡೆ ಜೋನಿ ಬೆಲ್ಲದ ಮುಂದೆ ಇದು ಏನೂ ಅಲ್ಲ" ಎಂದರು.