ನಮ್ಮ ಬಗ್ಗೆ ಬರೆಯುವವರು ನಮಗೂ ಒಂದು ಪ್ರತಿ ಕೊಡಬೇಕು

ಕರಾವಳಿಯ ಬುಡಕಟ್ಟು ಜನರಾದ ಕೊರಗರ ಬಗ್ಗೆ ಅಧ್ಯಯನ ಮಾಡಲು ಕಾಸರಗೋಡಿನ ಬದಿಯಡ್ಕ, ಮಂಜೇಶ್ವರ ಕಡೆ ಬರುವವರಿಗೆ ಇದನ್ನು ಹೇಳಲೇಬೇಕು. ನಾನೂ ಕೊರಗರ ಮನೆಯ ಮಗಳು.

ಮದ್ರಾಸ್ ಮ್ಯೂಸಿಯಂ ನೋಡಿಕೊಳ್ಳುತ್ತಿದ್ದ ಎಡ್ಗರ್ ಥರ್ಸ್ಟನ್ ಕ್ಯಾಲಿಪರ್ ಹಿಡಿದು ಜನರ ತಲೆ, ಮೂಗು ಅಳೆದವರು. ಆಗ ಕಾಸರಗೋಡು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡಕ್ಕೆ ಸೇರಿತ್ತು. ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಬಗ್ಗೆ 1909ರಲ್ಲಿ ಬಂದ ಅವರ ಏಳು ಸಂಪುಟಗಳಲ್ಲಿ ನಾವೂ ಇದ್ದೇವೆ. ಸೊಪ್ಪು ಉಡುವವರು, ಕುತ್ತಿಗೆಗೆ ಅಂಡೆ, ಅಂದರೆ ಉಗುಳುವ ಮಡಕೆ, ಕಟ್ಟಿಕೊಂಡವರು ಅಂತ. ನಮ್ಮ ಉಗುಳು ದಾರಿಗೆ ಬಿದ್ದರೆ ಮೈಲಿಗೆ ಅಂತ ಆ ಅಂಡೆ ಕಟ್ಟಿಸಿದ್ದು ಮೇಲ್ಜಾತಿಯವರು. ಅದೇ ನಮ್ಮ ಒಂದು ಪಂಗಡದ ಹೆಸರಾಗಿ ಉಳಿಯಿತು. ಕಟ್ಟಿಸಿದವರಿಗೆ ಅಂಥ ಹೆಸರು ಬರಲಿಲ್ಲ.

ಆಮೇಲೆ ಬಂದವರೂ ಅದನ್ನೇ ನಕಲು ಮಾಡುತ್ತಾ ಹೋದರು. ಇವತ್ತು ನಮ್ಮ ಹುಡುಗಿಯೊಬ್ಬಳು ಮೊಬೈಲಿನಲ್ಲಿ ತನ್ನ ಸಮುದಾಯದ ಹೆಸರು ಹುಡುಕಿದರೆ ಮೊದಲು ಸಿಗುವುದು ಅದೇ ಅಂಡೆ, ಅದೇ ಸೊಪ್ಪು. ಅವಳು ಕ್ಲಾಸಿನಲ್ಲಿ ಜಾತಿ ಹೇಳಲು ಹಿಂಜರಿದರೆ ತಪ್ಪು ಅವಳದ್ದಾ?

ಹೋದ ವರ್ಷ ಅಧ್ಯಯನಕ್ಕೆ ಅಂತ ಮನೆಗೆ ಬಂದಿದ್ದ ಒಬ್ಬರು ಅಮ್ಮನ ಹತ್ತಿರ ಅಜಲಿನ ಬಗ್ಗೆಯೇ, ಅಂದರೆ ನಮ್ಮನ್ನು ಕೀಳಾಗಿ ಕಂಡು ನಡೆಸುತ್ತಿದ್ದ ಪದ್ಧತಿಯ ಬಗ್ಗೆಯೇ ಕೇಳಿದರು. ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸುತ್ತಿದ್ದರಂತೆ, ಹೌದಾ ಅಂತ. ಕರ್ನಾಟಕ ಸರ್ಕಾರ 2000ದಲ್ಲಿ ಕಾನೂನು ತಂದು ನಿಷೇಧಿಸಿದ ಪದ್ಧತಿ ಅದು. ಅಮ್ಮ ಆಗ ಅಂಗಳದಲ್ಲಿ ಬುಟ್ಟಿ ಹೆಣೆಯುತ್ತಿದ್ದಳು. ಬಳ್ಳಿಯನ್ನು ಕತ್ತಿಯಿಂದ ಸೀಳಿ, ಗಂಟು ಕೆರೆದು, ಹದ ನೋಡಲು ಬೆರಳಿಗೆ ಸುತ್ತಿ ಬಗ್ಗಿಸುತ್ತಾಳೆ. ಮುರಿಯುವಂಥದ್ದನ್ನು ಆಚೆ ಎಸೆಯುತ್ತಾಳೆ. ಗುಡ್ಡೆಯೆಲ್ಲ ರಬ್ಬರ್ ಆದ ಮೇಲೆ ಒಳ್ಳೆಯ ಬಳ್ಳಿಗೆ ಎಷ್ಟು ದೂರ ನಡೆಯಬೇಕು ಅಂತ ಅವಳನ್ನು ಕೇಳಿದ್ದರೆ ಒಂದು ಪ್ರಬಂಧಕ್ಕಾಗುವಷ್ಟು ಹೇಳುತ್ತಿದ್ದಳು. ಅದನ್ನು ಅವರು ಕೇಳಲೇ ಇಲ್ಲ.

ಅಧ್ಯಯನವೇ ಬೇಡ ಅಂತ ನಾನು ಹೇಳುತ್ತಿಲ್ಲ. ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು 1971ರಲ್ಲಿ ಕೊರಗ ಭಾಷೆಯ ಮೇಲೆ ಪುಸ್ತಕ ತಂದರು. ಮನೆಯಲ್ಲೂ ತುಳು, ಕನ್ನಡ, ಮಲಯಾಳ ತುಂಬಿರುವ ಈ ಕಾಲದಲ್ಲಿ ಅಂಥ ಕೆಲಸ ಇನ್ನೂ ಜಾಸ್ತಿ ಬೇಕು. ಆದರೆ ನಮ್ಮನ್ನು ಕೂರಿಸಿಕೊಂಡು ಆಗಬೇಕು. ದಕ್ಷಿಣ ಆಫ್ರಿಕಾದ ಮೂಲನಿವಾಸಿಗಳಾದ ಸಾನ್ ಜನ 2017ರಲ್ಲಿ ಸಂಶೋಧಕರಿಗೆ ತಾವೇ ನಿಯಮ ಬರೆದುಕೊಟ್ಟರು. ಗೌರವ ಕೊಡಿ, ಪ್ರಾಮಾಣಿಕವಾಗಿರಿ, ನ್ಯಾಯವಾಗಿ ನಡೆದುಕೊಳ್ಳಿ, ಕಾಳಜಿ ಇರಲಿ, ಒಪ್ಪಿಗೆಯ ಕ್ರಮ ಪಾಲಿಸಿ ಅಂತ. ನಮ್ಮ ಊರಿಗೂ ಅಂಥ ಒಂದು ಹಾಳೆ ಬೇಕು. ಬರೆಯುವಷ್ಟು ಓದಿದವರು ಈಗ ನಮ್ಮಲ್ಲೇ ಇದ್ದಾರೆ.

ಮಾವನ ಡೋಲು, ಕೊಳಲು ರೆಕಾರ್ಡ್ ಮಾಡಿಕೊಂಡು ಹೋದವರು ಹಲವರು. ಅದು ಯಾರ ಹತ್ತಿರ ಇದ್ದರೂ ದಯವಿಟ್ಟು ಇನ್‌ಬಾಕ್ಸ್‌ನಲ್ಲಿ ತಿಳಿಸಿ, ಪೆನ್‌ಡ್ರೈವ್ ನಾನೇ ತರುತ್ತೇನೆ. ಡೋಲು ಕಲಿಯುತ್ತಿರುವ ನಮ್ಮ ಹುಡುಗರಿಗೆ ಅದು ಬೇಕು.